15,000 ರೂಪಾಯಿಯೊಳಗೆ ರೀಫರ್ಬಿಶ್ಡ್ ಗೇಮ್ ಕನ್ಸೋಲ್: ಕರಾವಳಿಯ ಮನೆಗೆ ಯಾವುದು ಸರಿ?

ಕುಮಟೆಯ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಕುಮಟೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಮೊದಲೇ ಕೊಟ್ಟ ಮಾತಿನಂತೆ ಅವನಿಗೆ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಒಂದನ್ನು ಕೊಡಿಸಬೇಕಾಗಿದೆ. 15,000 ರೂಪಾಯಿ ದಾಟುವಂತಿಲ್ಲ. ಅಷ್ಟರಲ್ಲಿ ಒಳ್ಳೆಯ ಹೊಸ ಸಾಧನ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ರೀಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮಾರುವ ಸಾಧನಗಳ ಕಡೆ ನೋಡುತ್ತಿದ್ದೇನೆ.

ಸದ್ಯ ಕಣ್ಣ ಮುಂದೆ ಮೂರಿವೆ. ಬೆಂಗಳೂರಿನ ಆನ್‌ಲೈನ್ ಅಂಗಡಿಯೊಂದು ನಿಂಟೆಂಡೊ ಸ್ವಿಚ್ ಲೈಟ್ ಅನ್ನು ಮೂರು ತಿಂಗಳ ವಾರಂಟಿಯೊಂದಿಗೆ 13,500ಕ್ಕೆ ಕೊಡುತ್ತೇನೆ ಎನ್ನುತ್ತಿದೆ. ಕಾರವಾರದ ಹುಡುಗನೊಬ್ಬ ತನ್ನ ಸೋನಿ ಪಿಎಸ್ ವೀಟಾವನ್ನು 16 ಜಿಬಿ ಕಾರ್ಡಿನ ಸಮೇತ 8,000ಕ್ಕೆ ಮಾರುತ್ತಿದ್ದಾನೆ. ಭಟ್ಕಳದ ಪರಿಚಿತರೊಬ್ಬರು, ಅಮೆರಿಕದಲ್ಲಿರುವ ತಮ್ಮ ನೆಂಟರು ಬಳಸಿ ಬಿಟ್ಟ ನಿಂಟೆಂಡೊ 3ಡಿಎಸ್ ಇದೆ, ಕೊಟ್ಟಷ್ಟು ಕೊಡಿ ಎನ್ನುತ್ತಿದ್ದಾರೆ. ನಮ್ಮ ಮನೆಯಿಂದ ಸಮುದ್ರದ ಸದ್ದು ಕೇಳುತ್ತದೆ. ಜೂನ್ ಬಂತೆಂದರೆ ಹಪ್ಪಳದ ಡಬ್ಬಿಯೂ ಮೆತ್ತಗಾಗುವ ಮನೆ ಇದು. ಇಲ್ಲಿ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಎಷ್ಟು ದಿನ ಬಾಳೀತು ಎಂಬ ಅನುಮಾನವೂ ಇದೆ. ತಿಳಿದವರು ದಯವಿಟ್ಟು ಹೇಳಿ.

ಕೋಡಿಬಾಗದ ರಿಪೇರಿಯವ

ಅಕ್ಕೋರೇ, ಕಾರವಾರದಲ್ಲಿ ಮೊಬೈಲು, ಲ್ಯಾಪ್‌ಟಾಪುಗಳ ದುರಸ್ತಿ ನನ್ನ ಕಸುಬು. ಆಗೀಗ ಇಂಥ ಕನ್ಸೋಲ್‌ಗಳೂ ಮೇಜಿಗೆ ಬರುತ್ತವೆ. ರೀಫರ್ಬಿಶ್ಡ್ ಎಂಬ ಮಾತಿಗೆ ಮಾರುಕಟ್ಟೆಯಲ್ಲಿ ಒಂದೇ ಅರ್ಥವಿಲ್ಲ. ಒಬ್ಬರು ಬ್ಯಾಟರಿ, ಸ್ಟಿಕ್ಕು (ಹೆಬ್ಬೆರಳಿನಿಂದ ಆಟ ನಡೆಸುವ ಸಣ್ಣ ಹಿಡಿ) ಬದಲಿಸಿ ಪರೀಕ್ಷಿಸಿದ್ದನ್ನು ಹಾಗೆ ಕರೆದರೆ, ಇನ್ನೊಬ್ಬರು ಬಟ್ಟೆಯಲ್ಲಿ ಒರೆಸಿ ಹೊಸ ಡಬ್ಬಿಗೆ ಹಾಕಿದ್ದನ್ನೂ ಹಾಗೆಯೇ ಕರೆಯುತ್ತಾರೆ. ಆದ್ದರಿಂದ ಯಾವ ಯಾವ ಭಾಗ ಬದಲಿಸಿದ್ದೀರಿ ಎಂದು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ಅದನ್ನು ಬರೀ ಸೆಕೆಂಡ್ ಹ್ಯಾಂಡ್ ಎಂದೇ ತಿಳಿದು ಬೆಲೆ ಮಾತಾಡಿ.

3ಡಿಎಸ್ ಅನ್ನು ಮೊದಲೇ ಬಿಟ್ಟುಬಿಡಿ. ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು, ಆನ್‌ಲೈನ್ ಆಟವೂ 2024ರ ಏಪ್ರಿಲ್‌ನಲ್ಲಿ ನಿಂತಿತು. ಅಲ್ಲದೆ ಅದು ಪ್ರದೇಶಕ್ಕೆ ಬೀಗ ಹಾಕಿದ ಸಾಧನ. ಅಮೆರಿಕದ ಯಂತ್ರದಲ್ಲಿ ಯುರೋಪಿನ ಅಥವಾ ಜಪಾನಿನ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಬಿಲ್ಲೆ, ಓಡುವುದಿಲ್ಲ. ಅಮೆರಿಕದಲ್ಲಿ ಮಾರಿದ ಅದರ ಚಾರ್ಜರ್ 120 ವೋಲ್ಟಿಗೆ ಮಾತ್ರ ಇರುವಂಥದ್ದು. ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ ನಮ್ಮ 230 ವೋಲ್ಟಿಗೆ ಹಾಕಿದರೆ ಚಾರ್ಜರ್ ಸುಟ್ಟುಹೋಗುತ್ತದೆ.

ವೀಟಾ ಕೈಗೆ ಹಿತವಾದ ಯಂತ್ರ, ನನಗೂ ಇಷ್ಟ. ಆದರೆ 2019ರಲ್ಲಿಯೇ ಅದರ ತಯಾರಿಕೆ ನಿಂತಿದೆ. ಮಾಮೂಲಿ ಮೈಕ್ರೊ ಎಸ್‌ಡಿ ಕಾರ್ಡ್ ಅದಕ್ಕೆ ಹಿಡಿಸುವುದಿಲ್ಲ, ಸೋನಿಯದೇ ಪ್ರತ್ಯೇಕ ಕಾರ್ಡ್ ಬೇಕು. 16 ಜಿಬಿ ತುಂಬಿದ ದಿನ ದೊಡ್ಡ ಕಾರ್ಡಿಗೆ ಸುಮ್ಮನೆ ಅಲೆಯಬೇಕಾಗುತ್ತದೆ.

ಉಳಿದದ್ದು ಸ್ವಿಚ್ ಲೈಟ್. 2019ರ ಸೆಪ್ಟೆಂಬರ್‌ನಲ್ಲಿ ಬಂದದ್ದು, 5.5 ಇಂಚಿನ ಪರದೆ. ಇದರ ದೊಡ್ಡ ದೌರ್ಬಲ್ಯ ಸ್ಟಿಕ್ಕು. ಒಳಗೆ ಇಂಗಾಲದ ತೆಳು ಪದರದ ಮೇಲೆ ಒಂದು ಸಣ್ಣ ಲೋಹದ ಕಡ್ಡಿ ಉಜ್ಜುತ್ತಿರುತ್ತದೆ. ಪದರ ಸವೆದರೆ ಅಥವಾ ಧೂಳು ಸೇರಿದರೆ ಬೆರಳಿಟ್ಟಿರದಿದ್ದರೂ ಆಟದ ಬೊಂಬೆ ತಾನಾಗಿ ಒಂದು ಕಡೆಗೆ ನಡೆಯತೊಡಗುತ್ತದೆ. ದೊಡ್ಡ ಸ್ವಿಚ್‌ನಲ್ಲಿ ಕಂಟ್ರೋಲರುಗಳು ಕಳಚಿ ಬರುವುದರಿಂದ ಅದನ್ನು ಮಾತ್ರ ಬದಲಿಸಬಹುದು. ಲೈಟ್‌ನಲ್ಲಿ ಸ್ಟಿಕ್ಕು ಮೈಗೇ ಅಂಟಿಕೊಂಡಿರುವುದರಿಂದ ಇಡೀ ಯಂತ್ರವನ್ನೇ ಬಿಚ್ಚಬೇಕು. ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್ ತೆರೆದು, ಎರಡೂ ಸ್ಟಿಕ್ಕುಗಳನ್ನು ಸುತ್ತಲೂ ತಿರುಗಿಸಿ ಕೈಬಿಟ್ಟು ನೋಡಿ. ಗುರುತು ನಡುವಿಗೆ ಮರಳಿ ಅಲ್ಲಾಡದೆ ನಿಲ್ಲಬೇಕು. ಮಾರುವವರು ಹಾಲ್ ಎಫೆಕ್ಟ್ ಸ್ಟಿಕ್ಕು ಹಾಕಿದ್ದೇವೆ ಎಂದರೆ ಒಳ್ಳೆಯದೇ ಆಯಿತು, ಅದು ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಉಜ್ಜಾಟ ಇಲ್ಲ.

ಇನ್ನು ನೀವು ಕೇಳಿದ ಕಡಲ ಗಾಳಿ. ನಮ್ಮಲ್ಲಿ ನೀರಿಗೆ ಬಿದ್ದು ಹಾಳಾಗುವ ಸಾಮಾನಿನಷ್ಟೇ, ನೀರು ಮುಟ್ಟದೆಯೂ ಹಾಳಾಗುವ ಸಾಮಾನು ಇದೆ. ಉಪ್ಪಿನ ಕಣ ಗಾಳಿಯೊಡನೆ ಒಳಹೊಕ್ಕು ಗಾಳಿಯ ತೇವವನ್ನು ತಾನೇ ಹೀರಿಕೊಂಡು ಒದ್ದೆಯಾಗುತ್ತದೆ. ಅದರಲ್ಲಿ ವಿದ್ಯುತ್ ಹರಿದರೆ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ. ಯಂತ್ರ ಕೈಗೆ ಬಂದ ಕೂಡಲೇ ಮೊಬೈಲಿನ ಟಾರ್ಚ್ ಹಿಡಿದು ಚಾರ್ಜಿಂಗ್ ಪೋರ್ಟು, ಹೆಡ್‌ಫೋನ್ ತೂತು, ಕಾರ್ಟ್ರಿಜ್ ಸಂದು ಮೂರನ್ನೂ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಒಳಗಿನ ಬೋರ್ಡೂ ಹಾಗೆಯೇ ಇರಬಹುದು. ಹಿಂಬದಿಯ ಸ್ಕ್ರೂಗಳು ಮೂರು ರೆಕ್ಕೆಯ ತಲೆಯವು. ಅವುಗಳ ಅಂಚು ಕೆತ್ತಿ ಹೋಗಿದ್ದರೆ ಸರಿಯಾದ ಉಪಕರಣವಿಲ್ಲದವರು ಬಿಚ್ಚಿದ್ದಾರೆ ಎಂದರ್ಥ. ಹಿಂಬದಿ ಉಬ್ಬಿದ್ದರೆ ಅಥವಾ ಪರದೆ ಒಂದು ಮೂಲೆಯಲ್ಲಿ ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ, ಅದನ್ನು ಚಾರ್ಜಿಗೂ ಹಾಕಬೇಡಿ.

ಬ್ಯಾಟರಿಯ ಆರೋಗ್ಯವನ್ನು ಸ್ವಿಚ್ ತಾನಾಗಿ ತೋರಿಸುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ, ಪರದೆಯ ಬೆಳಕನ್ನು ಅರ್ಧಕ್ಕಿಟ್ಟು ಒಂದು ಗಂಟೆ ಆಡಿಸಿ ನೋಡಿ. ಲೈಟ್‌ಗೆ ನಿಂಟೆಂಡೊ ಹೇಳಿದ್ದು ಆಟಕ್ಕೆ ತಕ್ಕಂತೆ 3ರಿಂದ 7 ಗಂಟೆ. ಆ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದರೆ ಬ್ಯಾಟರಿ ಸವೆದಿದೆ.

ಘಟ್ಟದ ಮೇಲಿನವ

ಅಕ್ಕೋರೇ, ನಾನು ಶಿರಸಿಯಲ್ಲಿ ಪದವಿ ಓದುತ್ತಿರುವವನು. ಎರಡು ವರ್ಷದ ಹಿಂದೆ ಇದೇ ಸ್ವಿಚ್ ಲೈಟ್ ಅನ್ನು ರೀಫರ್ಬಿಶ್ಡ್ ಆಗಿ ಕೊಂಡೆ. ಅಡಿಕೆ ಸುಲಿದು ಸಂಪಾದಿಸಿದ ಹಣವಾದ್ದರಿಂದ ಒಂದೊಂದು ರೂಪಾಯಿಯೂ ನೆನಪಿದೆ. ಬಂದ ಮೊದಲ ದಿನ ಎಲ್ಲವೂ ಸರಿ ಇತ್ತು, ಹದಿನೈದನೆಯ ದಿನ ಎಡ ಸ್ಟಿಕ್ಕು ಓಡಾಡತೊಡಗಿತು. ಮರಳಿಸುವ ಗಡುವು ಏಳೇ ದಿನ. ಅದರಲ್ಲಿ ನಾಲ್ಕು ದಿನವನ್ನು ನಾನು ಸೆಮಿಸ್ಟರ್ ಪರೀಕ್ಷೆಯ ನೆಪದಲ್ಲಿ ಡಬ್ಬಿ ಬಿಚ್ಚದೆ ಕಳೆದಿದ್ದೆ. ವಾರಂಟಿ ಇತ್ತೆಂಬುದು ನಿಜ, ಆದರೆ ಕಳಿಸುವ ಕೊರಿಯರ್ ಖರ್ಚು ನನ್ನದೇ ಎಂಬ ಸಾಲನ್ನು ನಾನು ಓದಿರಲಿಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿ ಕೆಟ್ಟಾಗ ಪಾರ್ಸೆಲ್ ಎಲ್ಲಿ ಕುಳಿತಿರುತ್ತದೆ ಎಂದು ದೇವರಿಗೇ ಗೊತ್ತು. ಒಟ್ಟು ಇಪ್ಪತ್ತಾರು ದಿನ ಯಂತ್ರ ನನ್ನ ಕೈಯಲ್ಲಿರಲಿಲ್ಲ. ಡಬ್ಬಿ ಬಂದ ದಿನವೇ, ಬಿಚ್ಚುವುದನ್ನು ವಿಡಿಯೊ ಮಾಡಿಕೊಂಡು, ರಿಪೇರಿಯ ಅಣ್ಣ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಬಿಡಿ.

ಇನ್ನೊಂದು ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಟಗಳಿಗೆ ಬೇರೆ ಹಣ ಬೇಕು. ಯಂತ್ರಕ್ಕೆ 13,500 ಕೊಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು 1,500. ಅದರಲ್ಲಿ ಮೆಮೊರಿ ಕಾರ್ಡ್ ಒಂದು ಬೇಕು, ಏಕೆಂದರೆ ಲೈಟ್‌ನ ಒಳಗಿನ ಜಾಗ 32 ಜಿಬಿ ಮಾತ್ರ. ನಾನು ಕಾರ್ಟ್ರಿಜ್‌ಗಳನ್ನೇ ಕೊಳ್ಳುತ್ತೇನೆ. ಆಡಿ ಮುಗಿಸಿದ ಮೇಲೆ ಮಾರಬಹುದು, ಗೆಳೆಯನೊಡನೆ ಬದಲಿಸಿಕೊಳ್ಳಬಹುದು, ಮತ್ತು 3ಡಿಎಸ್‌ನಂತೆ ಪ್ರದೇಶದ ಬೀಗ ಇಲ್ಲದ್ದರಿಂದ ಎಲ್ಲಿಂದ ತಂದರೂ ಬಹುಮಟ್ಟಿಗೆ ನಡೆಯುತ್ತದೆ. ಡೌನ್‌ಲೋಡ್ ಮಾಡಿದ ಆಟ ಖಾತೆಗೆ ಅಂಟಿಕೊಂಡಿರುತ್ತದೆ, ಮಾರಲಾಗದು. ನಮ್ಮೂರ ನೆಟ್‌ವರ್ಕ್‌ನಲ್ಲಿ ಹತ್ತು ಜಿಬಿ ಇಳಿಸಿಕೊಳ್ಳುವಷ್ಟರಲ್ಲಿ ಒಂದು ಕೊಯ್ಲು ಮುಗಿಯುತ್ತದೆ ಎನ್ನುವುದು ಬೇರೆ ಮಾತು.

ಕುಮಟೆಯ ತಾಯಿ

ಇಬ್ಬರಿಗೂ ವಂದನೆಗಳು. ಎರಡು ಅನುಮಾನ ಉಳಿದಿವೆ. ಲೈಟ್ ಅನ್ನು ಟಿ.ವಿ.ಗೆ ಜೋಡಿಸಬಹುದೇ? ಮತ್ತೆ, ಹಳೆಯ ಮಾಲೀಕ ಕಳ್ಳ ಆಟಗಳನ್ನು ಹಾಕಿದ್ದರೆ ಕಂಪನಿಯೇ ಯಂತ್ರವನ್ನು ತಡೆಹಿಡಿಯುತ್ತದೆ ಎಂದು ಮಗ ಹೇಳುತ್ತಾನೆ, ಇದು ನಿಜವೇ?

ಕೋಡಿಬಾಗದ ರಿಪೇರಿಯವ

ಟಿ.ವಿ.ಗೆ ಜೋಡಿಸಲಾಗದು, ಲೈಟ್ ಕೈಯಲ್ಲಿ ಆಡುವುದಕ್ಕಷ್ಟೇ.

ಎರಡನೆಯದು ನಿಜ, ಮಗ ಬುದ್ಧಿವಂತ. ತಡೆ ಬೀಳುವುದು ಖಾತೆಗೆ ಮಾತ್ರವಲ್ಲ, ಯಂತ್ರಕ್ಕೇ ಬೀಳಬಹುದು. ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಿದರೂ ಅದು ಹೋಗುವುದಿಲ್ಲ. ವೈಫೈಗೆ ಸೇರಿಸಿ, ಮಗನ ಹೆಸರಿನ ಹೊಸ ಖಾತೆಯಿಂದ ಅದರೊಳಗಿನ ಇ-ಶಾಪ್ (ಆನ್‌ಲೈನ್ ಆಟದಂಗಡಿ) ತೆರೆದು ನೋಡಿ. 2124-4007 ಎಂಬ ದೋಷಸಂಖ್ಯೆ ಬಂದರೆ ಆ ಯಂತ್ರವನ್ನು ನಿಂಟೆಂಡೊ ತಡೆಹಿಡಿದಿದೆ. ಕಾರ್ಟ್ರಿಜ್ ಓಡೀತು, ಆದರೆ ಇ-ಶಾಪ್ ಮತ್ತು ಆನ್‌ಲೈನ್ ಆಟದ ಆಸೆ ಬಿಡಬೇಕು. ಪೇರೆಂಟಲ್ ಕಂಟ್ರೋಲ್‌ನ ಹಳೆಯ ಪಿನ್ ಉಳಿದಿದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ.

ಮಳೆಗಾಲಕ್ಕೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿಯಲ್ಲಿ ಹುಗಿಯುವುದು ಬೇಡ, ಅದರ ಹುಡಿ ಪೋರ್ಟಿಗೆ ಸೇರುತ್ತದೆ. ಪರೀಕ್ಷೆಯೆಂದು ತಿಂಗಳುಗಟ್ಟಲೆ ಮುಚ್ಚಿಡುವುದಾದರೆ ಪೂರ್ತಿ ಖಾಲಿ ಮಾಡಿ ಇಡಬೇಡಿ. ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಬೇಕೆಂದು ನಿಂಟೆಂಡೊವೇ ಹೇಳುತ್ತದೆ.

ಅಂಕೋಲೆಯ ವಕೀಲ

ಯಂತ್ರದ ಒಳಗಿನ ವಿಚಾರ ನನಗೆ ತಿಳಿಯದು, ಬಿಲ್ಲಿನ ವಿಚಾರ ಹೇಳುತ್ತೇನೆ. ಅಂಗಡಿಯಿಂದ ಕೊಳ್ಳುವಾಗ ಯಂತ್ರದ ಸೀರಿಯಲ್ ಸಂಖ್ಯೆ, ರೀಫರ್ಬಿಶ್ಡ್ ಎಂಬ ಮಾತು ಮತ್ತು ವಾರಂಟಿಯ ಅವಧಿ ಮೂರೂ ಬಿಲ್ಲಿನಲ್ಲೇ ಇರಲಿ, ಜಾಹೀರಾತಿನ ಪುಟದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಸೀರಿಯಲ್ ಸಂಖ್ಯೆ ಯಂತ್ರದ ಮೈಮೇಲೂ ಸೆಟ್ಟಿಂಗ್ಸ್‌ನಲ್ಲೂ ಒಂದೇ ಇರಬೇಕು. ಅಂಗಡಿ ಬೆಂಗಳೂರಿನದು ಎಂದು ಅಲ್ಲಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ನಿಮಗೆ ಕಾರವಾರದಲ್ಲಿ, ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ವೀಟಾ ಮಾರುವ ಹುಡುಗ ವ್ಯಾಪಾರಿಯಲ್ಲವಾದ್ದರಿಂದ ಅವನ ಮೇಲೆ ಈ ದಾರಿ ನಡೆಯುವುದಿಲ್ಲ. ಆ 8,000ದಲ್ಲಿ ಈ ಭದ್ರತೆಯ ಬೆಲೆ ಸೇರಿಲ್ಲ.

ಕುಮಟೆಯ ತಾಯಿ

ಬೆಂಗಳೂರಿನವರಿಗೆ ಬರೆದು ಕೇಳಿದೆ. ಎರಡೂ ಸ್ಟಿಕ್ಕು ಬದಲಿಸಿದ್ದೇವೆ, ಬ್ಯಾಟರಿ ಹಳೆಯದೇ ಎಂದು ಉತ್ತರ ಬಂತು. ಹಾಗಿದ್ದರೆ 12,500ಕ್ಕೆ ಕೊಡಿ ಎಂದೆ, 12,800ಕ್ಕೆ ಒಪ್ಪಿದರು. ಮರಳಿಸುವ ಗಡುವು ಹತ್ತು ದಿನ. ಗಡುವಿನೊಳಗೆ ಮರಳಿಸಿದರೆ ಕೊರಿಯರ್ ಖರ್ಚು ಅವರದೇ ಎಂಬುದನ್ನು ಬರಹದಲ್ಲಿ ಪಡೆದಿದ್ದೇನೆ. ಪಾರ್ಸೆಲ್ ಶುಕ್ರವಾರ ತಲುಪುವುದಂತೆ. ಅಂದು ಸಂಜೆ ಮನೆಯಲ್ಲೇ ಒಂದು ಗಂಟೆ ಆಡಿಸಿ ಬ್ಯಾಟರಿ ಎಷ್ಟು ಇಳಿಯಿತೆಂದು ಬರೆದಿಟ್ಟುಕೊಳ್ಳುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಗನೊಡನೆ ಕಾರವಾರದ ಬಸ್ಸು ಹತ್ತಿ ನಿಮ್ಮ ಅಂಗಡಿಗೇ ಬರೋಣವೆಂದಿದ್ದೇನೆ, ರಿಪೇರಿಯವರೇ. ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡುವ ಕೆಲಸ ಮಾತ್ರ ನಿಮ್ಮ ಕಣ್ಣಿಗೇ ಇರಲಿ.