ಹೆಂಡತಿ ಮೇಲೆ ಪದ್ಯ ಹಾಕಿದರೆ ‘ಓಂ ಶಾಂತಿ’ ಅಂತಾರೆ!

ಶಿರಸಿ ಕಡೆಯವ:
ಇವಳ ಮೇಲೊಂದು ಪದ್ಯ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವಾಗ, ಕೈಯೆಲ್ಲ ಚೊಗರು ಅಂತ, ಜಾರಿದ ಕನ್ನಡಕವನ್ನು ಮೊಣಕೈಯಿಂದ ಏರಿಸುತ್ತಾಳಲ್ಲ, ಅಲ್ಲಿಂದ ಶುರು. ಆಮೇಲೆ ಕಾಲಚಕ್ರ, ಸಾವು, ಅಗಲಿಕೆ. ಸ್ವಲ್ಪ ಹೊತ್ತಿಗೆ ‘ಓಂ ಶಾಂತಿ’ ಸಾಲುಗಟ್ಟಿತು. ಇವಳು ಒಳಗೆ ದೋಸೆ ಎರೆಯುತ್ತಿದ್ದಳು ಮಾರಾಯ್ರೆ! ಎಲ್ಲಿ ತಿದ್ದಲಿ?

ಅಂಕೋಲೆ ಅಕ್ಕ:
ಮೊಣಕೈ ಸಾಲು ಇಟ್ಕೊಳ್ಳಿ, ಉಳಿದದ್ದು ತೆಗೆದುಬಿಡಿ. ‘ಕಾಲಚಕ್ರ’ ಅಂದಕೂಡಲೇ ಜನ ಫೋಟೋಗೆ ಹಾರ ಹುಡುಕ್ತಾರೆ. ನಮ್ಮ ಜಿಲ್ಲೆಯವರೇ ಆದ ಚುಟುಕು ಕವಿ ದಿನಕರ ದೇಸಾಯಿ 1982ರಲ್ಲಿ ತೀರಿಕೊಂಡರು. ತಮ್ಮ ದೇಹದ ಬೂದಿ ಗಾಳಿಯಲ್ಲಿ ಹಾರಿ ಭತ್ತ ಬೆಳೆಯುವಲ್ಲಿ ಬೀಳಲಿ ಅಂತ ಬರೆದವರು ಅವರು. ಅಗಲಿಕೆ ಗಿಗಲಿಕೆ ಇಲ್ಲ, ಬೂದಿಗೂ ಗದ್ದೆ ಕೆಲಸ.

ಕಾಳಿ ದಂಡೆ, ಕಾರವಾರ:
ನಾನು ಪೂರ್ತಿ ಒಪ್ಪಲ್ಲ. ಈ ವಯಸ್ಸಿನ ಪ್ರೀತಿ ಅಂದಮೇಲೆ ಸಾವಿನ ಹೆದರಿಕೆ ಇದ್ದೇ ಇರುತ್ತೆ. ಆದರೆ ಅದನ್ನು ಕೊನೆಗೆ ಇಡಬೇಡಿ, ನಡುವೆ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿ. ಜೋರಾಗಿ ಓದಿ ನೋಡಿ, ನಾಲಿಗೆ ತಡವರಿಸಿದ ಕಡೆ ಕತ್ತರಿ. ಮತ್ತೆ, ಊರಿನ ಗುಂಪು ಯಾಕೆ? ಅಲ್ಲಿ ಅಡಿಕೆ ದರ ನೋಡೋರೇ ಹೆಚ್ಚು.