ರಿಚ್ಪ ಗೋಣಿ ಹಾಸಿದಳೋ, ಕಟ್ಟಿದಳೋ?

ಬಳಗದವರಿಗೆಲ್ಲ ನಮಸ್ಕಾರ.

ಒಂದೇ ಒಂದು ಕ್ರಿಯಾಪದಕ್ಕೆ ಹದಿನೈದು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಹೀಬ್ರೂ ಬೈಬಲಿನಲ್ಲಿ ಅಷ್ಟಾಗಿ ಹೆಸರಾಗದ ಹೆಂಗಸರ ಕಥೆಗಳನ್ನು ಆಡುಗನ್ನಡಕ್ಕೆ ತರಲು ಹೊರಟಿದ್ದೇನೆ. ನಿಘಂಟು ಪಕ್ಕದಲ್ಲಿದ್ದರೆ ಓದಿಕೊಳ್ಳುವಷ್ಟು ಹೀಬ್ರೂ ನನಗೆ ಬರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಸಮುವೇಲನ ಎರಡನೆಯ ಪುಸ್ತಕದ 21ನೇ ಅಧ್ಯಾಯದ 10ನೇ ವಚನಕ್ಕೆ ಬಂದು ಗಾಡಿ ನಿಂತುಬಿಟ್ಟಿದೆ. ಕಥೆ ಗೊತ್ತಿಲ್ಲದವರಿಗೆ ಪ್ರಶ್ನೆ ಅರ್ಥವಾಗುವುದಿಲ್ಲ, ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಇಸ್ರಾಯೇಲಿನ ಮೊದಲ ಅರಸ ಸೌಲ. ಅವನ ಉಪಪತ್ನಿ ರಿಚ್ಪ, ಅಯ್ಯಾಹನ ಮಗಳು. (ಮೂಲದ ಉಚ್ಚಾರ ರಿಟ್ಸ್ಪಾ. ಆ 'ಟ್ಸ್' ಕನ್ನಡ ಬೈಬಲಿನಲ್ಲಿ 'ಚ' ಆಗುತ್ತದೆ: ಚೀಯೋನ್, ಚಾದೋಕ, ಚಿದ್ಕೀಯ. ನನಗೇನೂ ತಕರಾರಿಲ್ಲ.) ಸೌಲ ಯುದ್ಧದಲ್ಲಿ ಸತ್ತ ಮೇಲೆ ಮಗ ಈಷ್ಬೋಶೆತ ಪಟ್ಟಕ್ಕೆ ಬಂದ, ಅಧಿಕಾರವೆಲ್ಲ ಸೇನಾಪತಿ ಅಬ್ನೇರನ ಕೈಯಲ್ಲಿತ್ತು. 'ನನ್ನ ತಂದೆಯ ಉಪಪತ್ನಿಯ ಹತ್ತಿರ ಯಾಕೆ ಹೋದೆ' ಎಂದು ಈಷ್ಬೋಶೆತ ಅಬ್ನೇರನನ್ನು ಕೇಳಿದ. ಸತ್ತ ಅರಸನ ಹೆಣ್ಣನ್ನು ಕೂಡುವುದೆಂದರೆ ಸಿಂಹಾಸನಕ್ಕೇ ಕೈಹಾಕಿದಂತೆ. 'ನಾನೇನು ಯೆಹೂದದ ನಾಯಿತಲೆಯೇ' ಎಂದು ಅಬ್ನೇರ ಉರಿದುಬಿದ್ದ, ಯೆಹೂದದ ಅರಸ, ಎದುರಾಳಿ ದಾವೀದನ ಕಡೆಗೆ ತಿರುಗಿಯೂಬಿಟ್ಟ. ಆರೋಪ ನಿಜವೋ ಸುಳ್ಳೋ ಕಥೆ ಹೇಳುವುದಿಲ್ಲ. ರಿಚ್ಪಳನ್ನು ಯಾರೂ ಕೇಳಲೂ ಇಲ್ಲ.

ಆಮೇಲೆ ಆಕೆ ಕಾಣಿಸಿಕೊಳ್ಳುವುದು 21ನೇ ಅಧ್ಯಾಯದಲ್ಲಿ. ದಾವೀದನ ಆಳ್ವಿಕೆಯಲ್ಲಿ ಮೂರು ವರ್ಷ ಬಿಡದೆ ಬರ. ಕಾರಣ ವಿಚಾರಿಸಿದರೆ, ಸೌಲ ಗಿಬ್ಯೋನಿನವರನ್ನು, ಇಸ್ರಾಯೇಲರಲ್ಲದ ಆ ನೆರೆಯವರನ್ನು, ಕೊಂದ ಪಾಪ ಎಂದು ದೈವದ ಉತ್ತರ. ಗಿಬ್ಯೋನಿನವರನ್ನು ಕೊಲ್ಲುವುದಿಲ್ಲವೆಂದು ಅರಸರಿಗಿಂತ ಮುಂಚಿನ ನಾಯಕ ಯೆಹೋಶುವನ ಕಾಲದಲ್ಲೇ ಇಸ್ರಾಯೇಲರು ಆಣೆಯಿಟ್ಟಿದ್ದರು. ಈಗ ಅವರಿಗೆ ಬೆಳ್ಳಿಬಂಗಾರ ಬೇಡ, ಸೌಲನ ಸಂತಾನದ ಏಳು ಗಂಡಸರು ಬೇಕು. ದಾವೀದ ಒಪ್ಪಿಸಿದ. ರಿಚ್ಪಳ ಇಬ್ಬರು ಮಕ್ಕಳು, ಅರ್ಮೋನೀ ಮತ್ತು ಮೆಫೀಬೋಶೆತ. ಸೌಲನ ಮಗಳ ಐದು ಮಕ್ಕಳು. (ಆ ಮಗಳು ಮೇರಬಳೋ ಮೀಕಲಳೋ ಎಂಬ ಪಾಠಾಂತರದ ಜಗಳ ಬೇರೆ ಇದೆ, ಅದು ಇಲ್ಲಿ ಬೇಡ.) ಏಳೂ ಜನರನ್ನು ಒಟ್ಟಿಗೆ ಗುಡ್ಡದ ಮೇಲೆ ಕೊಂದರು, ಹೆಣಗಳನ್ನು ಅಲ್ಲೇ ಬಿಟ್ಟರು. ಜವೆಗೋದಿ ಕೊಯ್ಲು ಶುರುವಾದ ದಿನಗಳು ಅವು.

ರಿಚ್ಪ ಒಂದು ಗೋಣಿತಟ್ಟು ತೆಗೆದುಕೊಂಡು ಬಂಡೆಯ ಹತ್ತಿರ ಹೋದಳು. ಕೊಯ್ಲಿನ ಮೊದಲ ದಿನದಿಂದ, ಆಕಾಶದ ನೀರು ಆ ಹೆಣಗಳ ಮೇಲೆ ಸುರಿಯುವ ತನಕ ಅಲ್ಲೇ ಇದ್ದಳು. ಹಗಲು ಹಕ್ಕಿಯನ್ನು ಕೂರಲು ಬಿಡಲಿಲ್ಲ, ರಾತ್ರಿ ಕಾಡುಮೃಗವನ್ನು ಹತ್ತಿರ ಸೇರಿಸಲಿಲ್ಲ. ಆ ಸೀಮೆಯಲ್ಲಿ ಜವೆಗೋದಿ ಕೊಯ್ಯುವುದು ಏಪ್ರಿಲ್ ಹೊತ್ತಿಗೆ. ಬೇಸಿಗೆಯಲ್ಲಿ ಮಳೆ ಎಂಬುದೇ ಇಲ್ಲ, ಮುಂದಿನ ಮಳೆ ಅಕ್ಟೋಬರ್ ಕಳೆಯುತ್ತ. ಅಕಾಲದ ಮಳೆ ಬಂದಿದ್ದರೆ ಕೆಲವು ವಾರ, ಇಲ್ಲದಿದ್ದರೆ ಹತ್ತಿರ ಹತ್ತಿರ ಆರು ತಿಂಗಳು.

ಈಗ ಪದಕ್ಕೆ ಬರೋಣ. ಗೋಣಿತಟ್ಟನ್ನು ಆಕೆ ಏನು ಮಾಡಿದಳು? ಮೂಲದಲ್ಲಿರುವುದು 'ವತ್ತಟ್ಟೇಹೂ ಲಾಹ್ ಎಲ್ ಹತ್ಸೂರ್'. ಬಂಡೆಯ ಮೇಲೆ ತನಗಾಗಿ ಹಾಸಿದಳು ಎಂದೇ ಓದುವ ರೂಢಿ. ನಾನೂ ಮೊದಲು ಹಾಗೇ ಬರೆದಿದ್ದೆ. ಆದರೆ ಇದರ ಧಾತು 'ನಾಟಾ', ಅಂದರೆ ಚಾಚು, ಎಳೆದು ಬಿಗಿ. ಅಬ್ರಹಾಮ ಡೇರೆ ಹಾಕುವಾಗ ಬರುವುದು ಇದೇ ಧಾತು. ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಇದೇ ಪುಸ್ತಕದ 16ನೇ ಅಧ್ಯಾಯದಲ್ಲಿದೆ. ಅಪ್ಪ ದಾವೀದನ ವಿರುದ್ಧ ದಂಗೆ ಎದ್ದ ಅಬ್ಷಾಲೋಮನಿಗೆ ಮಾಳಿಗೆಯ ಮೇಲೆ ಒಂದು ಡೇರೆ ಹಾಕಿಕೊಡುತ್ತಾರೆ, ಅವನು ಊರೆಲ್ಲ ನೋಡುತ್ತಿದ್ದಂತೆ ಅಪ್ಪನ ಉಪಪತ್ನಿಯರ ಬಳಿಗೆ ಹೋಗುತ್ತಾನೆ. ಅಲ್ಲಿ ಡೇರೆ ಹಾಕಿದ್ದಕ್ಕೆ ಇದೇ ಧಾತು, ಇದೇ ಪ್ರೇರಣಾರ್ಥಕ ರೂಪ. ಅರಸನ ಉಪಪತ್ನಿಯ ಹೆಸರಿನಲ್ಲಿ ಗಂಡಸರು ಆಡಿದ ಅಧಿಕಾರದಾಟದ ಡೇರೆ ಅದು. ಐದು ಅಧ್ಯಾಯ ದಾಟಿದರೆ ಇನ್ನೊಬ್ಬ ಅರಸನ ಉಪಪತ್ನಿ, ಅದೇ ಕ್ರಿಯಾಪದ, ಕೈಯಲ್ಲಿ ಒಂದು ಗೋಣಿ. ಕಥೆ ಕಟ್ಟಿದವನಿಗೆ ಇದು ಕಾಣಲಿಲ್ಲವೆಂದು ನಾನು ನಂಬಲಾರೆ.

ಇನ್ನೊಂದು ಮಾತು. ಗೋಣಿಯನ್ನೂ ಬೂದಿಯನ್ನೂ ಕೆಳಗೆ ಹಾಸಿಕೊಂಡು ಮಲಗುವ ಪ್ರಸಂಗ ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿ ಧಾತುವೇ ಬೇರೆ, ಹಾಸಿಗೆಗೆ ಸಂಬಂಧಿಸಿದ್ದು. ಹಾಸುವುದನ್ನೇ ಹೇಳಬೇಕಿದ್ದರೆ ಆ ಮಾತು ಕೈಗೆಟಕುವಂತಿತ್ತು. ಹಾಗೆಂದು ಹಾಸಿದಳು ಎಂಬುದು ತಪ್ಪೆಂದು ನಾನು ಹೇಳುತ್ತಿಲ್ಲ. 'ನಾಟಾ'ಕ್ಕೆ ನೆಲದ ಮೇಲೆ ಚಾಚುವ ಅರ್ಥವೂ ಹೊಂದುತ್ತದೆ. ಎರಡಕ್ಕೂ ಎಡೆಯಿದೆ, ನನ್ನ ಒಲವು ಮಾತ್ರ ಮೇಲೆ ಕಟ್ಟಿದ್ದರ ಕಡೆಗೆ.

ಇಲ್ಲೇ ಕನ್ನಡ ನನ್ನನ್ನು ಆಸೆ ತೋರಿಸಿ ಕೈಬಿಟ್ಟದ್ದು. ನಮ್ಮ 'ಹಾಕು' ಎರಡನ್ನೂ ಹೊರುತ್ತದೆ. ಚಾಪೆ ಹಾಕು ಅಂದರೆ ಕೆಳಗೆ, ಚಪ್ಪರ ಹಾಕು ಅಂದರೆ ಮೇಲೆ. ಹೀಬ್ರೂವಿನ ಇಬ್ಬಗೆ ಕನ್ನಡದಲ್ಲೂ ಹಾಗೇ ಉಳಿಯಿತಲ್ಲ ಎಂದು ಖುಷಿಪಟ್ಟೆ. ಆದರೆ ಮೂಲದಲ್ಲಿ 'ಲಾಹ್', ತನಗಾಗಿ, ಎಂಬ ಪುಟ್ಟ ಪದವಿದೆ. ಕನ್ನಡದಲ್ಲಿ ಆ ಕೆಲಸ 'ಕೊಳ್ಳು'ವಿನದು. ಸೇರಿಸಿ ನೋಡಿ: 'ಗೋಣಿ ಹಾಕಿಕೊಂಡಳು'. ತಕ್ಷಣ ಗೋಣಿ ಮೈಮೇಲೆ ಬಂದುಬಿಡುತ್ತದೆ! ಓದುವವರು ತಪ್ಪಿಲ್ಲದೆ ಮೋಸಹೋಗುತ್ತಾರೆ, ಏಕೆಂದರೆ ಆ ಜನ ಸಾವಿಗೆ ಗೋಣಿ ಉಡುತ್ತಿದ್ದದ್ದು ನಿಜ. ಇದೇ ಪುಸ್ತಕದಲ್ಲಿ ಅಬ್ನೇರ ಸತ್ತಾಗ, ಬಟ್ಟೆ ಹರಿದುಕೊಂಡು ಗೋಣಿ ಸುತ್ತಿಕೊಳ್ಳಿ ಎಂದು ದಾವೀದನೇ ಜನರಿಗೆ ಅಪ್ಪಣೆ ಮಾಡುತ್ತಾನೆ. ರಿಚ್ಪಳಿಗೆ ಯಾರೂ ಅಪ್ಪಣೆ ಮಾಡಲಿಲ್ಲ, ಆಕೆ ಉಟ್ಟುಕೊಳ್ಳಲೂ ಇಲ್ಲ. ಗೋಣಿ ಅವಳಿಗೆ ಕೆಲಸದ ವಸ್ತು.

ಗೋಣಿ ಎಂಬ ಪದವನ್ನಂತೂ ನಾನು ಬಿಡುವುದಿಲ್ಲ. ಮೂಲದ 'ಸಕ್' ಮೇಕೆಯ ಕೂದಲಿನಲ್ಲಿ ನೇಯ್ದ ಒರಟು ಕಪ್ಪು ಬಟ್ಟೆ. ಸರಕಿನಿಂದ ನೋಡಿದರೆ ನಮ್ಮ ಕರಿಕಂಬಳಿ ಅದಕ್ಕೆ ಹತ್ತಿರ, ಸೆಣಬಿನ ಗೋಣಿ ದೂರ. ಆದರೂ ಕಂಬಳಿ ಎಂದರೆ ಬೆಚ್ಚಗಿನ ನೆನಪು ಬರುತ್ತದೆ, ಗದ್ದುಗೆಯ ನೆನಪೂ ಬರುತ್ತದೆ. ಇಲ್ಲಿ ಎರಡೂ ಸಲ್ಲದು. ಅದಕ್ಕಿಂತ ಮುಖ್ಯ, 'ಸಕ್' ಎಂದರೆ ಚೀಲವೂ ಹೌದು, ನಮ್ಮ ಗೋಣಿಯ ಹಾಗೇ. ಗಿಬ್ಯೋನಿನವರು ಹಿಂದೆ ಆ ಆಣೆಯನ್ನು ಗಿಟ್ಟಿಸಿದ ಬಗೆ ನೆನಪಿದೆಯೇ? ದೂರದೇಶದವರಂತೆ ನಟಿಸಲು ತೇಪೆ ಹಾಕಿದ ಚಪ್ಪಲಿ ಮೆಟ್ಟಿ, ಒಣಗಿ ಬೂಷ್ಟು ಹಿಡಿದ ರೊಟ್ಟಿ ಕಟ್ಟಿಕೊಂಡು, ಕತ್ತೆಗಳ ಮೇಲೆ ಹಳೇ ಗೋಣಿ ಹೇರಿಕೊಂಡು ಬಂದಿದ್ದರು. ಯೆಹೋಶುವನ ಪುಸ್ತಕದ 9ನೇ ಅಧ್ಯಾಯದಲ್ಲಿರುವ ಆ ಗೋಣಿಯೂ 'ಸಕ್'. ಒಂದು ಕಡೆ ಗೋಣಿ, ಇನ್ನೊಂದು ಕಡೆ ತಟ್ಟು ಎಂದು ಎರಡು ಪದ ಬಳಸಿದರೆ ಈ ಎಳೆ ಕಡಿದುಹೋಗುತ್ತದೆ.

ಕೊಂದ ಬಗೆಯನ್ನು ಹೇಳುವ ಪದವೂ ಗೋಜಲೇ. ಹೀಬ್ರೂ ಧಾತುವಿಗೆ ಕೀಲು ತಪ್ಪುವ ಅರ್ಥವಿದೆ; ಯಾಕೋಬನ ತೊಡೆ ಕೀಲು ತಪ್ಪಿದ್ದಕ್ಕೂ ಅದೇ ಬರುತ್ತದೆ. ಲ್ಯಾಟಿನ್ ಅನುವಾದ ಶಿಲುಬೆಗೇರಿಸಿತು. ಹಳೆಯ ಗ್ರೀಕ್ ಅನುವಾದ ಮಾತ್ರ ಅವರನ್ನು 'ಬಿಸಿಲಿಗಿಟ್ಟರು' ಎನ್ನುತ್ತದೆ. ಅದನ್ನು ಓದಿದ ದಿನ ನನಗೆ ನೆನಪಾದದ್ದು ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ, ನೀರಿನ ಟ್ಯಾಂಕಿನ ನೆರಳಿಗೆ ಒರಗಿ ಕೋಲು ಹಿಡಿದು ಕಾಗೆ ಕಾಯುತ್ತಿದ್ದ ನಾನು. ಇಂಥ ಕಡೆ ನೆನಪಾಗಬಾರದ ಚಿತ್ರ, ಆದರೆ ಪದ ಯಾರ ಮಾತೂ ಕೇಳುವುದಿಲ್ಲ.

ಅನುಮಾನ ಬೇಡವೆಂದರೆ 'ಬಂಡೆಗೆ ಗೋಣಿ ಕಟ್ಟಿಕೊಂಡಳು' ಎನ್ನಬಹುದು. 'ಎಲ್' ಎಂಬ ಉಪಸರ್ಗಕ್ಕೆ 'ಗೆ' ಹೊಂದುತ್ತದೆ, 'ಮೇಲೆ'ಗಿಂತ ಚೆನ್ನಾಗಿಯೇ. ಚಿತ್ರವೂ ನಮಗೆ ಗುರುತಿನದು. ಹೆದ್ದಾರಿ ಬದಿಯಲ್ಲಿ ಜಲ್ಲಿ ಒಡೆಯುವ ಹೆಂಗಸರನ್ನು ನೋಡಿದ್ದೀರಲ್ಲ, ವಾರೆಯಾಗಿ ನಿಲ್ಲಿಸಿದ ಎರಡು ಕೋಲು, ಅವುಗಳ ನಡುವೆ ಬಿಗಿದ ಹರಕು ಗೋಣಿ, ಅದರ ಕೆಳಗೆ ಮೊರದಷ್ಟು ನೆರಳು. ಹೊತ್ತು ತಿರುಗಿದ ಹಾಗೆ ಅದನ್ನು ಕಿತ್ತು ಈಚೆಗೆ ನೆಡುತ್ತಾರೆ. ರಿಚ್ಪ ಎಂದರೆ ನನಗೀಗ ಕಣ್ಣಿಗೆ ಬರುವುದು ಅದೇ. ಅಂದಹಾಗೆ ಆ ಹೆಸರಿಗೂ ಕಲ್ಲುಹಾಸು ಎಂಬ ಅರ್ಥವಿದೆ. ಯೆಶಾಯನ ದರ್ಶನದಲ್ಲಿ ಅದೇ ಪದ ಇಕ್ಕಳದಲ್ಲಿ ಎತ್ತಿದ ಕೆಂಡ. ಅವಳ ಅಪ್ಪನ ಹೆಸರು ಅಯ್ಯಾಹ ಎಂದರೆ ಹದ್ದಿನ ಜಾತಿಯ ಹಕ್ಕಿ. ಹದ್ದಿನ ಮಗಳು ಹದ್ದು ಓಡಿಸುತ್ತ ಕೂತಳು ಎಂದು ನಾನು ಬರೆದರೆ ಜಾಣತನ ಹೆಚ್ಚಾಯಿತು ಅನ್ನುತ್ತೀರಿ, ಅದಕ್ಕೇ ಕಥೆಯಲ್ಲಿ ಬರೆದಿಲ್ಲ.

'ಉಪಪತ್ನಿ' ಬಗ್ಗೆಯೂ ಒಂದು ಮಾತು. ಮೂಲದ 'ಪಿಲೆಗೆಶ್' ಹೀಬ್ರೂವಿನ ಮೂರಕ್ಷರದ ಧಾತುಗಳ ಸಾಲಿಗೆ ಸೇರದ, ಹೊರಗಿನಿಂದ ಬಂದಂತೆ ಕಾಣುವ ಪದ. ಅದರ ಎದುರು ಉಪಪತ್ನಿ ಇಸ್ತ್ರಿ ಮಾಡಿದ ಹಾಗಿದೆ, ಆ ಪದವನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ನಾವು ಆಡುವುದು 'ಇಟ್ಟುಕೊಂಡವಳು'. ಕಟ್ಟಿಕೊಂಡವಳು ಕಡೇತನಕ, ಇಟ್ಟುಕೊಂಡವಳು ಇರೋತನಕ ಎಂದು ಗಾದೆಯೇ ಇದೆ. ಕಡೇತನಕ ಬಂಡೆಯ ಹತ್ತಿರ ಇದ್ದವಳು ಯಾರು ಎಂದು ನೋಡಿದರೆ ಗಾದೆ ಅಲ್ಲೇ ತಲೆಕೆಳಗಾಗುತ್ತದೆ. ಕಥೆಯ ಮೊದಲ ಸಾಲಿನಲ್ಲಿ 'ಸೌಲ ಇಟ್ಟುಕೊಂಡಿದ್ದವಳು' ಎಂದೇ ಬರೆದಿದ್ದೇನೆ. ಒರಟು ಅನ್ನಿಸಿದರೆ ಹೇಳಿ, ಆದರೆ ಯಾಕೆಂದೂ ಹೇಳಿ.

ಮುಂದಿನದು ಚಿಕ್ಕದು. ರಿಚ್ಪ ಹೀಗೆ ಮಾಡುತ್ತಿದ್ದಾಳೆಂದು ದಾವೀದನಿಗೆ ಸುದ್ದಿ ಮುಟ್ಟಿತು. ಅವನು ಯಾಬೇಷ್ ಗಿಲ್ಯಾದ್ ಎಂಬ ಊರಿಗೆ ಹೋಗಿ ಸೌಲ ಮತ್ತು ಅವನ ಮಗ ಯೋನಾತಾನರ ಎಲುಬುಗಳನ್ನು ತಂದ, ಗುಡ್ಡದ ಮೇಲಿದ್ದವರ ಎಲುಬುಗಳನ್ನೂ ಆಯಿಸಿದ. ಸೌಲನ ಅಪ್ಪ ಕೀಷನ ಗೋರಿಯಲ್ಲಿ ಹೂಳಿದರು. ಹೀಬ್ರೂ ಪಾಠ ಹೂಳಿದ್ದು ಅಪ್ಪ-ಮಗನನ್ನು ಎಂದಷ್ಟೇ ಹೇಳುತ್ತದೆ, ಗ್ರೀಕ್ ಪಾಠ ಏಳು ಜನರನ್ನೂ ಸೇರಿಸುತ್ತದೆ. ದೇವರು ನಾಡಿನ ಮೊರೆ ಕೇಳಿದ್ದು ಅದಾದ ಮೇಲೆ. ಇಡೀ ಕಥೆಯಲ್ಲಿ ರಿಚ್ಪಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಹಾಗಾಗಿಯೇ ಆಕೆ ಮಾಡಿದ ಒಂದು ಕೆಲಸದ ಕ್ರಿಯಾಪದ ಸರಿಯಾಗಿರಬೇಕೆಂದು ನನಗಿಷ್ಟು ಹಟ.

ಕೇಳಬೇಕಾದದ್ದು ಇಷ್ಟು. ಬಿಸಿಲಿಗೆ ಅಡ್ಡವಾಗಿ ಬಟ್ಟೆಯನ್ನೋ ಗೋಣಿಯನ್ನೋ ಎಳೆದು ಕಟ್ಟುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ನಮ್ಮಲ್ಲಿ 'ಮರೆ ಕಟ್ಟೋದು' ಅನ್ನುತ್ತಾರೆ, ಆದರೆ ಅದು ನೆರಳಿಗಿಂತ ಕಣ್ಣಿಗೆ ಅಡ್ಡ ಮಾಡಿದಂತೆ ಕೇಳಿಸುತ್ತದೆ. ಬಯಲುಸೀಮೆಯಲ್ಲಿ ಕಣದ ಕೆಲಸ ಮಾಡಿದವರು, ಕಲ್ಲುಕೆಲಸದವರ ಮಾತು ಬಲ್ಲವರು ದಯವಿಟ್ಟು ಬರೆಯಿರಿ. ಹಾಸುವುದಕ್ಕೂ ಕಟ್ಟುವುದಕ್ಕೂ ಸಲ್ಲುವ, 'ಕೊಂಡಳು' ಸೇರಿಸಿದರೂ ಉಡುಪಾಗದ ಒಂದು ಪದ ಯಾವ ಊರಲ್ಲಾದರೂ ಇದ್ದರೆ ಅದೇ ನನಗೆ ಬೇಕಾದದ್ದು.