‘ಕುಣಿಯೋಣವೇ?’ ಎಂದರೆ ಸಾಕೇ? ಜೋಡಿ ನೃತ್ಯದ ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಜಪಾನಿನ ನಿರ್ದೇಶಕ ಮಸಾಯುಕಿ ಸುವೊ ಅವರ 1996ರ ‘ಶಲ್ ವಿ ಡಾನ್ಸ್?’ ಚಿತ್ರಕ್ಕೆ ನಾವು ಕೆಲವು ಗೆಳೆಯರು ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. ಸುಗಿಯಾಮಾ ಎಂಬ ನಡುವಯಸ್ಸಿನ ಲೆಕ್ಕಪತ್ರದ ನೌಕರ ಸಂಜೆ ರೈಲಿನಲ್ಲಿ ಮನೆಗೆ ಮರಳುವಾಗ, ನೃತ್ಯಶಾಲೆಯೊಂದರ ಕಿಟಕಿಯಲ್ಲಿ ನಿಂತ ಯುವತಿಯನ್ನು ಕಾಣುತ್ತಾನೆ. ಮುಂದೆ ಅದೇ ಶಾಲೆಗೆ ಗುಟ್ಟಾಗಿ ಸೇರುತ್ತಾನೆ. ಅಂಗಿಯ ಸುಗಂಧದಿಂದ ಅನುಮಾನಗೊಂಡ ಹೆಂಡತಿ ಅವನ ಹಿಂದೆ ಪತ್ತೇದಾರನನ್ನು ಬಿಡುತ್ತಾಳೆ. ನಗು ಹುಟ್ಟುವುದೆಲ್ಲ ಸಂಕೋಚದಿಂದ. ನಮ್ಮ ಪದದ ತೊಡಕೂ ಅಲ್ಲೇ ಇದೆ.

ಆ ಶಾಲೆಯಲ್ಲಿ ಕಲಿಸುವುದು ಇಬ್ಬರು ಜೋಡಿಯಾಗಿ ಕುಣಿಯುವ ಪಶ್ಚಿಮದ ನೃತ್ಯ. ಅದನ್ನು ಇಂಗ್ಲಿಷಿನಂತೆ ‘ಬಾಲ್ ರೂಮ್ ನೃತ್ಯ’ ಎಂದು ಬರೆದರೆ ಓದುಗರಿಗೆ ಚೆಂಡೇ ಮೊದಲು ನೆನಪಾಗುತ್ತದೆ. ಇಲ್ಲಿನ ‘ಬಾಲ್’ ಬಂದದ್ದು ಫ್ರೆಂಚಿನಿಂದ. ‘ಬ್ಯಾಲೆ’ಯ ನಂಟಿನ ಪದ, ಚೆಂಡಿಗೂ ಅದಕ್ಕೂ ಸಂಬಂಧವಿಲ್ಲ. ಜಪಾನೀಯರು ಇದನ್ನು ‘ಶಕೋ ಡಾನ್ಸು’ ಎನ್ನುತ್ತಾರೆ, ಅಂದರೆ ಜನ ಬೆರೆಯುವ ನೃತ್ಯ. ‘ಯುಗಳ ಗೀತೆ’ ನಮಗೆ ರೂಢಿಯಾಗಿರುವುದರಿಂದ ‘ಯುಗಳ ನೃತ್ಯ’ ನಡೆಯಬಹುದು. ನನಗೆ ‘ಜೋಡಿ ಕುಣಿತ’ ಹೆಚ್ಚು ಹಿಡಿಸಿದೆ.

ಕ್ರಿಯಾಪದದ ಬಗ್ಗೆ ಮಾತ್ರ ನಮ್ಮಲ್ಲಿ ಒಮ್ಮತವಿಲ್ಲ. ‘ಡ್ಯಾನ್ಸ್ ಮಾಡು’ ಎಂದೇ ಇರಲಿ ಎನ್ನುವವರಿದ್ದಾರೆ. ಜಪಾನಿಯಲ್ಲೂ ಹಬ್ಬದ ಕುಣಿತ ‘ಒದೋರಿ’, ಪಶ್ಚಿಮದಿಂದ ಬಂದದ್ದು ‘ಡಾನ್ಸು’, ಹಾಗಾಗಿ ಎರವಲು ಪದವೇ ನ್ಯಾಯ ಎಂಬುದು ಅವರ ವಾದ. ಆದರೆ ಕನ್ನಡದಲ್ಲಿ ಡ್ಯಾನ್ಸ್ ಈಗ ಹೆಮ್ಮೆಯ ಪದ. ‘ಮಗಳು ಡ್ಯಾನ್ಸ್ ಕಲಿಯುತ್ತಿದ್ದಾಳೆ’ ಎಂದು ತಂದೆತಾಯಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾರೆ. ಅದೇ ‘ಈ ವಯಸ್ಸಿನಲ್ಲಿ ಕುಣಿಯಲು ಹೊರಟಿದ್ದಾನೆ’ ಎನ್ನಿ, ಚುರುಕು ಮುಟ್ಟುತ್ತದೆ. ಪತ್ರಿಕೆಗಳನ್ನೇ ನೋಡಿ. ಜಾತ್ರೆಯಲ್ಲಿ ಯುವಕರು ‘ಕುಣಿದು ಕುಪ್ಪಳಿಸಿದರು’, ಶಾಸಕರು ಮಾತ್ರ ‘ಹೆಜ್ಜೆ ಹಾಕಿದರು’. ಡೊಳ್ಳು ಒಂದೇ, ಕಾಲುಗಳೂ ಅವೇ. ಘನತೆಗೆಂದು ಬೇರೆ ಕ್ರಿಯಾಪದ. ಸುಗಿಯಾಮಾ ಮನೆಯವರಿಂದ ಮುಚ್ಚಿಡುವುದು ‘ಕುಣಿ’ಗೆ ಅಂಟಿಕೊಂಡ ಈ ನಾಚಿಕೆಯನ್ನೇ ಅಲ್ಲವೇ? ಕಚೇರಿಯಲ್ಲಿ ಮೇಜಿನ ಮೇಲೆ ಕಾಗದಪತ್ರ, ಕೆಳಗೆ ಅವನ ಬೂಟುಗಾಲುಗಳು ಹೆಜ್ಜೆ ಅಭ್ಯಾಸ ಮಾಡುತ್ತಿರುತ್ತವೆ. ಆ ಕಾಲುಗಳು ‘ನರ್ತಿಸುತ್ತಿವೆ’ ಎಂದು ಬರೆಯಲು ನನಗೆ ಕೈಬಾರದು. (ಪಾದಗಳ ಆ ಕೌಶಲಕ್ಕೆ ಯಕ್ಷಗಾನದ ‘ಹೆಜ್ಜೆಗಾರಿಕೆ’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಅದನ್ನು ಆಗಲೇ ಬಳಸಿಬಿಟ್ಟಿದ್ದೇನೆ.)

ಚಿತ್ರದ ಕೊನೆಯಲ್ಲಿ, ಇಂಥ ನೃತ್ಯದ ಸ್ಪರ್ಧೆಗೆ ಹೆಸರಾದ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ಗೆ ಹೊರಟ ಶಿಕ್ಷಕಿ ಮಾಯ್ (ಕಿಟಕಿಯಲ್ಲಿ ಕಂಡ ಯುವತಿ ಇವಳೇ) ಬೀಳ್ಕೊಡುಗೆಯ ಕೂಟದಲ್ಲಿ ಸುಗಿಯಾಮಾನ ಬಳಿಗೆ ತಾನೇ ನಡೆದುಬಂದು, ಇಂಗ್ಲಿಷಿನಲ್ಲಿ ಶೀರ್ಷಿಕೆಯ ಮಾತನ್ನೇ ಕೇಳುತ್ತಾಳೆ. ‘ನನ್ನೊಡನೆ ಕುಣಿಯುತ್ತೀರಾ?’ ಎಂದರೆ ಶಿಕ್ಷಕಿ ಶಿಷ್ಯನಿಗೆ ತೋರುವ ಮರ್ಯಾದೆ ಅಡ್ಡ ನಿಲ್ಲುತ್ತದೆ, ‘ಕುಣಿಯುತ್ತೀಯಾ?’ ಎಂದರೆ ಇಲ್ಲದ ಸಲಿಗೆ ನುಸುಳುತ್ತದೆ. ‘ಕುಣಿಯೋಣವೇ?’ ಎಂಬುದರಲ್ಲಿ ನೀನೂ ಇಲ್ಲ, ನೀವೂ ಇಲ್ಲ, ಇರುವುದು ನಾವಿಬ್ಬರೂ ಮಾತ್ರ. ಈ ‘ಓಣ’ ಪ್ರತ್ಯಯದ ಬೆಲೆ ನನಗೆ ನಿಜವಾಗಿ ತಿಳಿದದ್ದು ಆ ಸಾಲಿಗೆ ಕನ್ನಡ ಹುಡುಕುವಾಗ. ಆ ಒಂದು ಸಾಲಿನಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ.

ನಿಮ್ಮಿಂದ ಬೇಕಾಗಿರುವುದು ಇನ್ನೊಂದು ಜೋಡಿ ಪದ. ಇಂಥ ನೃತ್ಯದಲ್ಲಿ ಒಬ್ಬರು ಮೈಯ ಸುಳುವಿನಿಂದಲೇ ದಿಕ್ಕು ತೋರಿಸುತ್ತಾರೆ, ಇನ್ನೊಬ್ಬರು ಅದನ್ನು ಅರಿತು ಹೆಜ್ಜೆ ಕೂಡಿಸುತ್ತಾರೆ. ಮೊದಲಿನದಕ್ಕೆ ‘ಕುಣಿಸು’ ಎನ್ನುವಂತಿಲ್ಲ, ಅದು ಕೋತಿ ಕುಣಿಸಿದಂತಾಗುತ್ತದೆ. ಹೆಂಡತಿ ಗಂಡನನ್ನು ಕುಣಿಸುತ್ತಾಳೆ ಎಂಬ ಮಾತೂ ಹತ್ತಿರದಲ್ಲೇ ಕಾದಿರುತ್ತದೆ. ‘ಕೈ ಹಿಡಿದು ನಡೆಸು’ ಎಂದರೆ ಮದುವೆಯ ನೆನಪು, ಈ ಕಥೆಯಲ್ಲಂತೂ ಬಲು ಅಪಾಯ. ಸದ್ಯಕ್ಕೆ ‘ನಡೆಸುವವರು’, ‘ಜೊತೆಗೂಡುವವರು’ ಎಂದು ಬರೆದಿಟ್ಟಿದ್ದೇನೆ. ಎರಡೂ ಸಪ್ಪೆ, ಮೇಲಾಗಿ ತೆರೆಯ ಮೇಲೆ ಉದ್ದವಾಗುತ್ತವೆ.

ಕೋಲಾಟದ ತಂಡಗಳಲ್ಲಿ ಎದುರುಬದುರು ನಿಲ್ಲುವ ಇಬ್ಬರಿಗೆ, ಅಥವಾ ಮೊದಲು ಹೆಜ್ಜೆ ತೆಗೆಯುವವರಿಗೆ, ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ? ಇದ್ದರೆ ಯಾವ ಸೀಮೆಯ ಮಾತು ಎಂಬುದನ್ನೂ ಸೇರಿಸಿ ದಯವಿಟ್ಟು ಬರೆಯಿರಿ.